ಗುರುತು ಸರಿ ಇತ್ತು, ಪಿಸ್ಟನ್ ತೂತಾಗಿತ್ತು

(ಗೋವಾದ ವಾಸ್ಕೋದಲ್ಲಿರುವ ನಮ್ಮ ಕನ್ನಡದವರ ಕೂಟದಲ್ಲಿ ಜುಲೈ ತಿಂಗಳ ಒಂದು ಭಾನುವಾರ ಆಡಿದ ಮಾತು ಇದು. ಎದುರಿಗೆ ಸ್ಟ್ಯಾಂಡಿನ ಮೇಲೆ, ದೋಣಿಯ ಹಿಂಬದಿಗೆ ಸಿಕ್ಕಿಸುವಂಥ ಒಂದು ಹಳೆಯ ಔಟ್‌ಬೋರ್ಡ್ ಮೋಟಾರು ನಿಲ್ಲಿಸಿಕೊಂಡು, ತೋರಿಸುತ್ತಾ ಹೇಳಿದ್ದು. ಓದಲು ಅನುಕೂಲವಾಗಲಿ ಅಂತ ಸ್ವಲ್ಪ ತಿದ್ದಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಳೆಗಾಲ ಬಂತೆಂದರೆ ನಮ್ಮ ಕೆಲಸಕ್ಕೆ ಸುಗ್ಗಿ. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲರುಗಳು ಸಮುದ್ರಕ್ಕೆ ಇಳಿಯುವಂತಿಲ್ಲ. ಪ್ರವಾಸಿಗರನ್ನು ಕರೆದುಕೊಂಡು ಹೋಗುವ ದೋಣಿಗಳೂ ಬೈನಾ ದಡದಲ್ಲಿ ತಾಡಪಾಲು ಹೊದ್ದು ಮಲಗಿರುತ್ತವೆ. ಆಗ ಸಣ್ಣ ದೋಣಿಗಳ ಮೋಟಾರುಗಳು ಒಂದೊಂದಾಗಿ ನನ್ನ ಶೆಡ್ಡಿಗೆ ಬರುತ್ತವೆ. ತಂದವರು ಹೇಳುವ ಮಾತು ಹೆಚ್ಚಾಗಿ ಒಂದೇ. "ಅಣ್ಣಾ, ಟೈಮಿಂಗ್ ಹೋಗಿದೆ, ಸ್ವಲ್ಪ ನೋಡಿ."

ನಾನು ಅಂಕೋಲಾ ಕಡೆಯವನು. ಇಲ್ಲಿಗೆ ಬಂದು 28 ವರ್ಷವಾಯಿತು. ಇಷ್ಟು ವರ್ಷದಲ್ಲಿ ನನಗೆ ಗಟ್ಟಿಯಾಗಿ ಅರ್ಥವಾದದ್ದು ಒಂದು ವಿಷಯ. ಟೈಮಿಂಗ್ ಸುಮ್ನೆ ತಾನಾಗಿ ಹೋಗುವುದಿಲ್ಲ. ಒಳಗೆ ಯಾವುದೋ ಒಂದು ಭಾಗ ಸವೆದಿರುತ್ತದೆ, ಸಡಿಲವಾಗಿರುತ್ತದೆ, ಇಲ್ಲವೇ ಜರುಗಿರುತ್ತದೆ. ಅದನ್ನು ಹುಡುಕದೆ ಸ್ಕ್ರೂ ತಿರುಗಿಸಿದರೆ ಮೋಟಾರು ಒಂದು ದಿನ ಓಡುತ್ತದೆ, ಎರಡನೇ ದಿನ ಸಮುದ್ರದ ನಡುವೆ ನಿಲ್ಲುತ್ತದೆ. ಇವತ್ತು ನಾನು ಹೇಳಲು ಬಂದದ್ದು ಇದನ್ನೇ.

ಮೊದಲು ಟೈಮಿಂಗ್ ಅಂದರೆ ಏನು ಅಂತ ನೋಡೋಣ. ಇಲ್ಲಿ ಕೂತ ಅಕ್ಕಂದಿರಿಗೂ ಮಕ್ಕಳಿಗೂ ತಿಳಿಯಬೇಕು. ಬೀಸುಬಲೆ ಎಸೆಯುವುದನ್ನು ನೀವೆಲ್ಲ ನೋಡಿದ್ದೀರಿ. ಮೀನು ಈಗ ಇರುವ ಜಾಗಕ್ಕೆ ಯಾರೂ ಬಲೆ ಎಸೆಯುವುದಿಲ್ಲ. ಬಲೆ ಬಿಚ್ಚಿ ನೀರಿಗೆ ಬೀಳುವ ಹೊತ್ತಿಗೆ ಮೀನು ಎಲ್ಲಿಗೆ ಬಂದಿರುತ್ತದೋ ಅಲ್ಲಿಗೆ ಎಸೆಯುತ್ತಾರೆ. ಮೀನು ಜೋರಾಗಿ ಓಡುತ್ತಿದ್ದರೆ ಇನ್ನೂ ಮುಂದಕ್ಕೆ ಎಸೆಯುತ್ತಾರೆ, ಅಲ್ವಾ? ಮೋಟಾರಿನ ಕಿಡಿಯೂ ಹಾಗೆಯೇ. ಪ್ಲಗ್ಗಿನಲ್ಲಿ ಕಿಡಿ ಹಾರಿದ ಕೂಡಲೇ ಪೆಟ್ರೋಲ್ ಪೂರ್ತಿ ಉರಿದುಬಿಡುವುದಿಲ್ಲ. ಉರಿ ಹರಡಿ ಒತ್ತಡ ಏರಲು ಸೆಕೆಂಡನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಒಂದೆರಡು ಭಾಗ ಬೇಕು. ಕೇಳಲು ಇದು ಏನೂ ಅಲ್ಲ ಅನಿಸಬಹುದು. ಆದರೆ ಮೋಟಾರು ನಿಮಿಷಕ್ಕೆ 5000 ಸುತ್ತು ತಿರುಗುವಾಗ ಒಂದು ಸುತ್ತಿಗೆ ಸಿಗುವ ಸಮಯವೇ ಅಂಥ 12 ಭಾಗ. ಹಾಗಾಗಿ ಪಿಸ್ಟನ್ ಮೇಲೇರುತ್ತಿರುವಾಗಲೇ ಕಿಡಿ ಬರಬೇಕು. ಪಿಸ್ಟನ್ ಟಾಪ್, ಅಂದರೆ ತನ್ನ ಓಟದ ತುತ್ತತುದಿ ಮುಟ್ಟಿ, ಅದು ತಿರುಗಿಸುವ ದಂಡ, ಅಂದರೆ ಕ್ರ್ಯಾಂಕ್, ಇನ್ನೂ ಸುಮಾರು 15 ಡಿಗ್ರಿ ತಿರುಗುವ ಹೊತ್ತಿಗೆ ಒತ್ತಡ ತುಂಬಿ ಬಂದು ತಳ್ಳಬೇಕು.

ನಿಧಾನವಾಗಿ ಓಡುವಾಗ ಕಿಡಿ ಟಾಪಿಗೆ ಹತ್ತಿರದಲ್ಲಿ ಬಂದರೆ ಸಾಕು. ವೇಗ ಏರಿದಂತೆ ಮೊದಲೇ ಬರಬೇಕು. ಹಳೆಯ ಔಟ್‌ಬೋರ್ಡ್‌ಗಳಲ್ಲಿ ಇದಕ್ಕೆ ಮಾಡಿದ ಉಪಾಯ ನನಗೆ ಇವತ್ತಿಗೂ ಇಷ್ಟ. ಮೇಲಿರುವ ಈ ಭಾರದ ಚಕ್ರವೇ ಫ್ಲೈವೀಲ್. ಅದರ ಕೆಳಗೆ ಒಂದು ತಟ್ಟೆ ಇದೆ, ನೋಡಿ. ಕಾಯಿಲ್ (ತಂತಿಯ ಸುರುಳಿ), ಪಾಯಿಂಟ್ (ಕರೆಂಟಿನ ದಾರಿ ಮುಚ್ಚಿ ತೆರೆಯುವ ಸಣ್ಣ ಸ್ವಿಚ್ಚು), ಕಂಡೆನ್ಸರ್ (ಪಾಯಿಂಟ್ ಸುಡದಂತೆ ಕಾಯುವ ಸಣ್ಣ ಡಬ್ಬಿ) ಎಲ್ಲವೂ ಆ ತಟ್ಟೆಯ ಮೇಲೆ ಕೂತಿವೆ. ನೀವು ಆಕ್ಸಿಲರೇಟರ್ ತಿರುಗಿಸಿದಾಗ ಈ ತಟ್ಟೆಯೇ ತಿರುಗುತ್ತದೆ. ಕಿಡಿ ಮುಂದಕ್ಕೆ ಬರುತ್ತದೆ. ಅಂದರೆ ಬೇಗ ಹಾರುತ್ತದೆ. ಅದೇ ತಟ್ಟೆಯ ಅಂಚು ಕಾರ್ಬೊರೇಟರನ್ನು ತಳ್ಳಿ ತೆರೆಯುತ್ತದೆ. ಒಂದೇ ಕೈ ತಿರುವಿಗೆ ಕಿಡಿಯೂ ಪೆಟ್ರೋಲೂ ಜೊತೆಜೊತೆಗೆ ನಡೆಯುತ್ತವೆ. ಬ್ಯಾಟರಿಯೂ ಬೇಡ. ಫ್ಲೈವೀಲಿನೊಳಗಿನ ಅಯಸ್ಕಾಂತ ಕಾಯಿಲಿನ ಮುಂದೆ ಹಾದುಹೋದರೆ ಕರೆಂಟು ಹುಟ್ಟುತ್ತದೆ. ಪಾಯಿಂಟ್ ತೆರೆದ ಕ್ಷಣಕ್ಕೆ ಕಿಡಿ ಹಾರುತ್ತದೆ. ಇದಕ್ಕೆ ಮ್ಯಾಗ್ನೆಟೋ ಅನ್ನುತ್ತಾರೆ. ಜರ್ಮನಿಯ ಬಾಷ್ ಕಂಪನಿಯಲ್ಲಿದ್ದ ಗಾಟ್‌ಲೋಬ್ ಹೋನೋಲ್ಡ್ ಎಂಬ ಇಂಜಿನಿಯರ್ 1902ರಲ್ಲಿ ಹೈವೋಲ್ಟೇಜ್ ಮ್ಯಾಗ್ನೆಟೋ ಮಾಡಿ ತೋರಿಸಿದರು. ನೂರು ವರ್ಷ ದಾಟಿದರೂ ಅದೇ ತತ್ವ ಇಲ್ಲಿನ ಖಾರೆವಾಡೆಯ ದೋಣಿಗಳಲ್ಲಿ ಇನ್ನೂ ಓಡುತ್ತಿದೆ.

ಈಗ ನನ್ನಿಂದ ಆದ ಒಂದು ತಪ್ಪನ್ನು ಹೇಳಬೇಕು. ಈ ಮಾತಿಗೆ ನಾನು ಒಪ್ಪಿಕೊಂಡದ್ದೇ ಅದಕ್ಕಾಗಿ.

ಬಹಳ ವರ್ಷದ ಹಿಂದೆ ಒಬ್ಬರು ಎರಡು ಸಿಲಿಂಡರಿನ ಒಂದು ಹಳೆಯ ಜಪಾನಿ ಮೋಟಾರು ತಂದರು. ಹಗ್ಗ ಎಳೆದರೆ ಹಿಂದಕ್ಕೆ ಒದೆಯುತ್ತಿತ್ತು. ಒಮ್ಮೆ ಎಳೆದು ನಾನೇ ಕೈ ನೋಯಿಸಿಕೊಂಡೆ. ಹಿಂದಕ್ಕೆ ಒದೆಯುತ್ತದೆ ಅಂದರೆ ಕಿಡಿ ಬೇಗ ಬರುತ್ತಿದೆ ಎಂದು ಅರ್ಥ. ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗ ಒತ್ತಡ ಅದನ್ನು ಕೆಳಕ್ಕೆ ದಬ್ಬುತ್ತದೆ. ನಾನು ಪಾಯಿಂಟ್ ಸರಿಮಾಡಿದೆ. ನೀರಿನ ಡ್ರಮ್ಮಿನಲ್ಲಿ ಮೋಟಾರು ಓಡಿಸಿ, ಕಿಡಿ ಹಾರಿದಾಗಲೆಲ್ಲ ಮಿಂಚುವ ಟೈಮಿಂಗ್ ಲೈಟ್ ಹಿಡಿದು ನೋಡಿದೆ. ಫ್ಲೈವೀಲಿನ ಗುರುತಿನ ಗೆರೆ, ಪಕ್ಕದಲ್ಲಿ ಅಲುಗದೆ ಇರುವ ಮುಳ್ಳಿನ ಎದುರಿಗೇ ನಿಂತಿತ್ತು. ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಲೈಟೇ ಸರಿ ಅಂದ ಮೇಲೆ ಇನ್ನೇನು ಅಂದುಕೊಂಡು ಮೋಟಾರು ಕೊಟ್ಟು ಕಳಿಸಿದೆ.

ನಾಲ್ಕನೇ ದಿನ ಆ ಮೋಟಾರನ್ನು ಎತ್ತಿಕೊಂಡು ಬಂದರು. ಗ್ರ್ಯಾಂಡ್ ಐಲ್ಯಾಂಡ್ ಎಂಬ ದ್ವೀಪ ದಾಟಿ ಆಚೆ ಹೋದಾಗ ನಿಂತುಹೋಗಿತ್ತಂತೆ. ಬೇರೆ ದೋಣಿಯವರು ಹಗ್ಗ ಕಟ್ಟಿ ಎಳೆದು ತಂದಿದ್ದರು. ಹೆಡ್ ಬಿಚ್ಚಿದೆ. ಮೇಲಿನ ಪಿಸ್ಟನ್ನಿನ ನಡುವೆ ಕಿರುಬೆರಳು ತೂರುವಷ್ಟು ತೂತು. ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಅಲ್ಯೂಮಿನಿಯಂ ಕರಗಿ ಸಣ್ಣ ಸಣ್ಣ ಕಾಳುಗಳಾಗಿ ಅಂಟಿತ್ತು. ಇದು ಕಿಡಿ ಅತಿಯಾಗಿ ಮುಂದಿದ್ದಾಗ ಆಗುವ ಕೆಡುಕು. ಆದರೆ ಗುರುತು ಸರಿ ಇತ್ತಲ್ಲ?

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಗಾಳಿ ಎದ್ದಿದ್ದರೆ ಆ ದೋಣಿಯಲ್ಲಿದ್ದ ಮೂರು ಜನರ ಕತೆ ಏನಾಗುತ್ತಿತ್ತು ಅಂತ ಯೋಚಿಸುತ್ತಲೇ ಇದ್ದೆ. ಬೆಳಗ್ಗೆ ಎದ್ದು ಫ್ಲೈವೀಲ್ ಬಿಚ್ಚಿದೆ. ಫ್ಲೈವೀಲನ್ನೂ ಕ್ರ್ಯಾಂಕನ್ನೂ ಸಾಲಿನಲ್ಲಿ ನಿಲ್ಲಿಸಲು ನಡುವೆ ಅರ್ಧಚಂದ್ರದಂಥ ಒಂದು ಕೀ ಇರುತ್ತದೆ. ಆ ಕೀ ಅರ್ಧ ಕತ್ತರಿಸಿ ಮೆಟ್ಟಿಲಿನ ಹಾಗೆ ಆಗಿತ್ತು. ಫ್ಲೈವೀಲ್ ಒಂದು ಮಿಲಿಮೀಟರ್ ಮುಂದಕ್ಕೆ ಜರುಗಿ ಕೂತಿತ್ತು.

ಒಂದು ಮಿಲಿಮೀಟರ್ ಅಂದರೆ ಎಷ್ಟಾಯಿತು, ಲೆಕ್ಕ ಹಾಕಿ. ಆ ಜಾಗದಲ್ಲಿ ಕ್ರ್ಯಾಂಕಿನ ದಪ್ಪ 22 ಮಿಲಿಮೀಟರ್ ಇದ್ದರೆ ಅದರ ಸುತ್ತಳತೆ 69 ಮಿಲಿಮೀಟರ್. ಅದರಲ್ಲಿ ಒಂದು ಮಿಲಿಮೀಟರ್ ಎಂದರೆ 5 ಡಿಗ್ರಿ. ತುಂಬು ವೇಗದಲ್ಲಿ, ದೋಣಿ ತುಂಬ ಜನ ಇರುವಾಗ, 5 ಡಿಗ್ರಿ ಬೇಗ ಕಿಡಿ ಬಂದರೆ ಪಿಸ್ಟನ್ ಎಷ್ಟು ದಿನ ತಡೆಯುತ್ತದೆ?

ಲೈಟ್ ಯಾಕೆ ಸುಳ್ಳು ಹೇಳಿತು? ಆ ಮೋಟಾರಿನಲ್ಲಿ ಪಾಯಿಂಟನ್ನು ತೆರೆಯುವ ಉಬ್ಬು, ಅಂದರೆ ಕ್ಯಾಮ್, ಫ್ಲೈವೀಲಿನ ನಡುವಿನ ಗುಂಬದಲ್ಲೇ ಇತ್ತು. ಗೆರೆಯೂ ಫ್ಲೈವೀಲಿನ ಮೇಲೆಯೇ. ಫ್ಲೈವೀಲ್ ಜರುಗಿದಾಗ ಕ್ಯಾಮ್ ಮತ್ತು ಗೆರೆ ಎರಡೂ ಕೈ ಹಿಡಿದುಕೊಂಡು ಒಟ್ಟಿಗೇ ಜರುಗಿದವು. ಕಿಡಿ ಬರುವಾಗ ಗೆರೆ ಮುಳ್ಳಿನ ಎದುರಿಗೇ ಇರುತ್ತಿತ್ತು. ಹಿಂದೆ ಉಳಿದದ್ದು ಕ್ರ್ಯಾಂಕ್ ಮತ್ತು ಪಿಸ್ಟನ್. ಅವು ಲೈಟಿಗೆ ಕಾಣುವುದಿಲ್ಲ. ನಾನು ಫ್ಲೈವೀಲಿನ ಹತ್ತಿರ ಫ್ಲೈವೀಲಿಗೇ ಸಾಕ್ಷಿ ಕೇಳಿದ್ದೆ. ಕೇಳಬೇಕಾಗಿದ್ದದ್ದು ಪಿಸ್ಟನ್ನನ್ನು.

ಹಳೆಯ ಜಾನ್ಸನ್, ಎವಿನ್ರೂಡ್ ಮ್ಯಾಗ್ನೆಟೋಗಳಲ್ಲಿ ಕ್ಯಾಮ್ ಬೇರೆಯಾಗಿ ಕ್ರ್ಯಾಂಕಿನ ಮೇಲೆಯೇ ಕೂರುತ್ತದೆ. ಅಲ್ಲಿ ಫ್ಲೈವೀಲ್ ಜರುಗಿದರೆ ರೋಗ ಬೇರೆ ರೀತಿ ಕಾಣಿಸುತ್ತದೆ. ಪಾಯಿಂಟ್ ತೆರೆಯುವ ಹೊತ್ತಿಗೆ ಅಯಸ್ಕಾಂತ ಸರಿಯಾದ ಜಾಗದಲ್ಲಿ ಇರುವುದಿಲ್ಲ. ಕಿಡಿ ಸಪ್ಪೆಯಾಗುತ್ತದೆ, ಇಲ್ಲವೇ ಬರುವುದೇ ಇಲ್ಲ. ಆದ್ದರಿಂದ ನಿಮ್ಮ ಮೋಟಾರಿನಲ್ಲಿ ಕ್ಯಾಮ್ ಎಲ್ಲಿದೆ ಅಂತ ಮೊದಲು ತಿಳಿದುಕೊಳ್ಳಿ.

ಆ ಕೀ ಕತ್ತರಿಸಿದ್ದು ಹೇಗೆ ಅಂತಲೂ ಹುಡುಕಿದೆ. ನೀರಿನೊಳಗಿನ ಫ್ಯಾನಿನಲ್ಲಿ ಒಂದು ಮೆತ್ತನೆಯ ಪಿನ್ ಇರುತ್ತದೆ. ಫ್ಯಾನ್ ಬಂಡೆಗೆ ಬಡಿದರೆ ಅದು ಮುರಿಯಬೇಕು, ಮೇಲಿನದೆಲ್ಲ ಉಳಿಯಬೇಕು. ಆ ಪಿನ್ನು ಒಮ್ಮೆ ಮುರಿದಾಗ ಯಾರೋ ಅದರ ಜಾಗಕ್ಕೆ ಗಟ್ಟಿ ಮೊಳೆ ಕತ್ತರಿಸಿ ಹಾಕಿದ್ದರು. ಮುಂದೆ ಫ್ಯಾನ್ ಬಂಡೆಗೆ ತಾಗಿದಾಗ ಮೊಳೆ ಮುರಿಯಲಿಲ್ಲ. ಕ್ರ್ಯಾಂಕ್ ತಟ್ಟನೆ ನಿಂತಿತು. ಭಾರದ ಫ್ಲೈವೀಲ್ ಓಡುತ್ತಿದ್ದ ದಿಕ್ಕಿಗೇ ಇನ್ನೊಂದು ಚೂರು ಹೋಯಿತು. ಫ್ಲೈವೀಲ್ ಮುಂದಕ್ಕೆ ಹೋದರೆ ಕಿಡಿಯೂ ಮುಂದಕ್ಕೆ. ಕೆಳಗಿನ ಒಂದು ಮೊಳೆ ಮೇಲಿನ ಪಿಸ್ಟನ್ನನ್ನು ತಿಂದಿತು. ಆ ಪಿಸ್ಟನ್ನಿನ ಖರ್ಚನ್ನು ನಾನೇ ಹಾಕಿ ಕೊಟ್ಟೆ. ಮೊಳೆ ನನ್ನದಲ್ಲ, ಆದರೆ ನೋಡದೆ ಬಿಟ್ಟದ್ದು ನಾನೇ.

ಅಂದಿನಿಂದ ನಾನು ಟಾಪ್ ಹುಡುಕದೆ ಟೈಮಿಂಗ್ ಮುಟ್ಟುವುದಿಲ್ಲ. ಟಾಪ್ ಹುಡುಕುವುದು ಹೇಗೆ ಅಂತ ತೋರಿಸುತ್ತೇನೆ. ಇದಕ್ಕೆ ದುಡ್ಡು ಬೇಡ.

ತುಂಬ ಜನ ಪ್ಲಗ್ಗಿನ ತೂತಿನಲ್ಲಿ ಸ್ಕ್ರೂಡ್ರೈವರ್ ಇಳಿಸಿ, ಅದು ಮೇಲೆ ಬಂದು ನಿಂತಾಗ ಟಾಪ್ ಅನ್ನುತ್ತಾರೆ. ಅದು ಸಾಲದು. ಟಾಪಿನ ಹತ್ತಿರ ಪಿಸ್ಟನ್ ಬಹಳ ನಿಧಾನ. ಪಿಸ್ಟನ್ನಿನ ಓಟ (ಸ್ಟ್ರೋಕ್) 50 ಮಿಲಿಮೀಟರ್ ಇರುವ ಮೋಟಾರಿನಲ್ಲಿ ಟಾಪಿನಿಂದ 5 ಡಿಗ್ರಿ ಆಚೆ ಹೋದರೂ ಪಿಸ್ಟನ್ ಇಳಿಯುವುದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಚೂರು ಜಾಸ್ತಿ, ಅಷ್ಟೇ. ಕಣ್ಣಿಗೆ ಅದು ಗೊತ್ತಾಗುವುದಿಲ್ಲ. ಅದೇ 20 ಡಿಗ್ರಿಯಲ್ಲಾದರೆ ಹತ್ತಿರ ಹತ್ತಿರ 2 ಮಿಲಿಮೀಟರ್ ಇಳಿದಿರುತ್ತದೆ. ಹಾಗಾಗಿ ಪಿಸ್ಟನ್ ನಿಧಾನವಿರುವ ಕಡೆ ಅಳೆಯಬಾರದು, ಬೇಗ ಓಡುವ ಕಡೆ ಅಳೆಯಬೇಕು.

ಇದು ಹಳೆಯ ಪ್ಲಗ್. ಒಳಗಿನ ಪಿಂಗಾಣಿ ತೆಗೆದು, ಅದಕ್ಕೊಂದು ಬೋಲ್ಟ್ ಕೂರಿಸಿ, ತುದಿಯನ್ನು ಗುಂಡಗೆ ಉಜ್ಜಿದ್ದೇನೆ. ಎರಡೂ ಪ್ಲಗ್ ಬಿಚ್ಚಿ. ಪಿಸ್ಟನ್ ಕೆಳಗಿರುವಾಗ ಇದನ್ನು ಮೇಲಿನ ಸಿಲಿಂಡರಿಗೆ ತಿರುಗಿಸಿ ಹಾಕಿ. ಈಗ ಫ್ಲೈವೀಲನ್ನು ಕೈಯಿಂದ ಮೆಲ್ಲಗೆ ತಿರುಗಿಸಿ. ಪಿಸ್ಟನ್ ಬೋಲ್ಟಿಗೆ ತಾಗಿ ನಿಲ್ಲುತ್ತದೆ. ಮುಳ್ಳಿನ ಎದುರಿಗೆ ಫ್ಲೈವೀಲಿನ ಮೇಲೆ ಪೆನ್ಸಿಲ್ ಗೆರೆ ಎಳೆಯಿರಿ. ಆಮೇಲೆ ಉಲ್ಟಾ ತಿರುಗಿಸಿ. ಆ ಕಡೆಯಿಂದಲೂ ಬಂದು ತಾಗುತ್ತದೆ. ಅಲ್ಲೂ ಒಂದು ಗೆರೆ. ಎರಡು ಗೆರೆಗಳ ಸರಿಯಾದ ನಡುವೆ ಇರುವುದೇ ನಿಜವಾದ ಟಾಪ್. ಹಗ್ಗ ಎಳೆದು ತಿರುಗಿಸಬೇಡಿ, ಪಿಸ್ಟನ್ ಜಜ್ಜಿಹೋಗುತ್ತದೆ. ಕೆಲಸ ಮುಗಿದ ಮೇಲೆ ಬೋಲ್ಟ್ ಬಿಚ್ಚಲು ಮರೆಯಬೇಡಿ.

ಈ ನಡುಗೆರೆ ಕಂಪನಿಯವರು ಕೊಟ್ಟ ಟಾಪ್ ಗುರುತಿಗೆ ಕೂಡಿದರೆ ನಿಮ್ಮ ಕೀ ಚೆನ್ನಾಗಿದೆ. ಕೂಡದಿದ್ದರೆ ಅಲ್ಲಿಗೇ ನಿಲ್ಲಿಸಿ, ಫ್ಲೈವೀಲ್ ಬಿಚ್ಚಿ. ಬಿಚ್ಚಲು ಪುಲ್ಲರೇ ಬೇಕು. ಫ್ಲೈವೀಲಿನಲ್ಲಿರುವ ತೂತುಗಳಿಗೆ ಬೋಲ್ಟ್ ಹಾಕಿ ಎಳೆಯಬೇಕು. ಅಂಚು ಹಿಡಿದು ಎಳೆದರೆ ಅದು ಬಾಗುತ್ತದೆ. ಕ್ರ್ಯಾಂಕಿನ ತಲೆಗೆ ಸುತ್ತಿಗೆಯಿಂದ ಬಡಿಯುವುದಂತೂ ಬೇಡವೇ ಬೇಡ. ಮತ್ತೆ ಕೂರಿಸುವಾಗ ಎರಡೂ ಕಡೆಯ ಟೇಪರ್, ಅಂದರೆ ಕ್ರ್ಯಾಂಕೂ ಫ್ಲೈವೀಲೂ ಕೂಡುವ ಇಳಿಜಾರು ಭಾಗ, ಒರೆಸಿ ಒಣಗಿಸಿ. ಅಲ್ಲಿ ಗ್ರೀಸ್ ಹಚ್ಚಬಾರದು. ಫ್ಲೈವೀಲನ್ನು ಹಿಡಿದಿಡುವುದು ಆ ಟೇಪರಿನ ಬಿಗಿ. ಕೀ ಇರುವುದು ಸಾಲು ತೋರಿಸಲು, ಭಾರ ಹೊರಲು ಅಲ್ಲ. ನಟ್ಟನ್ನು ಕಂಪನಿ ಹೇಳಿದ ಟಾರ್ಕಿಗೇ, ಅಂದರೆ ಅಷ್ಟೇ ತಿರುಚು ಬಲಕ್ಕೆ, ಬಿಗಿಯಬೇಕು. ನಟ್ ಸಡಿಲ ಇದ್ದರೆ ಹೊಸ ಕೀಯೂ ಉಳಿಯುವುದಿಲ್ಲ.

ಇನ್ನು ಪಾಯಿಂಟ್. ಟೈಮಿಂಗ್ ದೂರುಗಳಲ್ಲಿ ಜಾಸ್ತಿ ಬರುವುದು ಇಲ್ಲಿಂದಲೇ. ಪಾಯಿಂಟಿನ ಗ್ಯಾಪ್ (ಪೂರ್ತಿ ತೆರೆದಾಗಿನ ಸಂದು) ಬೇರೆ, ಟೈಮಿಂಗ್ ಬೇರೆ ಅಂತ ತುಂಬ ಜನ ತಿಳಿದಿದ್ದಾರೆ. ಗ್ಯಾಪ್ ದೊಡ್ಡದಾದರೆ ಕ್ಯಾಮ್ ಪಾಯಿಂಟನ್ನು ಬೇಗ ತೆರೆಯುತ್ತದೆ, ಕಿಡಿ ಮುಂದಕ್ಕೆ ಬರುತ್ತದೆ. ಗ್ಯಾಪ್ ಸಣ್ಣದಾದರೆ ಕಿಡಿ ತಡವಾಗುತ್ತದೆ. ಕ್ಯಾಮಿಗೆ ಉಜ್ಜುವ ಫೈಬರ್ ಕಾಲು ದಿನಾ ಚೂರುಚೂರು ಸವೆಯುತ್ತದೆ. ಅಂದರೆ ನಿಮ್ಮ ಮೋಟಾರು ದಿನಾ ಚೂರುಚೂರು ತಡವಾಗುತ್ತಾ ಹೋಗುತ್ತದೆ. ಎಳೆತ ಕಡಿಮೆಯಾಗುತ್ತದೆ, ಬಿಸಿ ಜಾಸ್ತಿಯಾಗುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಆಗ ಸ್ಕ್ರೂ ತಿರುಗಿಸಿ ಟೈಮಿಂಗ್ ಮುಂದಕ್ಕೆ ತಂದರೆ ಎಳೆತ ಬರುತ್ತದೆ, ನಿಜ. ಆದರೆ ಗ್ಯಾಪ್ ಸಣ್ಣದಾಗಿಯೇ ಉಳಿಯುತ್ತದೆ, ಕಿಡಿ ದುರ್ಬಲವಾಗಿಯೇ ಉಳಿಯುತ್ತದೆ. ಆದ್ದರಿಂದ ಮೊದಲು ಗ್ಯಾಪ್, ಆಮೇಲೆ ಟೈಮಿಂಗ್. ಈ ಕ್ರಮ ತಪ್ಪಿಸಬೇಡಿ.

ಹಳೆಯ ಜಾನ್ಸನ್, ಎವಿನ್ರೂಡ್ ಮ್ಯಾಗ್ನೆಟೋಗಳಿಗೆ ಗ್ಯಾಪ್ 0.020 ಇಂಚು, ಅಂದರೆ ಅರ್ಧ ಮಿಲಿಮೀಟರ್. ಜಪಾನಿನ ಹಲವು ಮೋಟಾರುಗಳಿಗೆ ಅದಕ್ಕಿಂತ ಕಡಿಮೆ. ನಿಮ್ಮ ಮೋಟಾರಿನ ಪುಸ್ತಕದಲ್ಲಿರುವ ಅಳತೆಯೇ ಸರಿ. ಪಕ್ಕದ ದೋಣಿಯವರ ಅಳತೆ ನಿಮ್ಮದಲ್ಲ. ಪಾಯಿಂಟಿನ ಒಂದು ಕಡೆ ಗುಂಡಿ ಬಿದ್ದು ಇನ್ನೊಂದು ಕಡೆ ಗುಡ್ಡ ಎದ್ದಿದ್ದರೆ ಗ್ಯಾಪ್ ಅಳೆಯುವ ತೆಳು ಪಟ್ಟಿ, ಅಂದರೆ ಫೀಲರ್ ಗೇಜ್, ಗುಡ್ಡದ ಮೇಲೆ ನಿಂತು ತಪ್ಪು ಹೇಳುತ್ತದೆ. ಅಂಥ ಪಾಯಿಂಟ್ ಬದಲಿಸಿ. ನಮ್ಮ ಉಪ್ಪು ಗಾಳಿಗೆ ಪಾಯಿಂಟಿನ ಮೇಲೆ ಪೊರೆ ಕಟ್ಟುತ್ತದೆ. ಶುಭ್ರವಾದ ಕಾಗದ ನಡುವೆ ಇಟ್ಟು ಎಳೆದರೆ ಅದು ಬಿಟ್ಟುಬರುತ್ತದೆ. ಕೈಯ ಎಣ್ಣೆ ತಾಗಿಸಬೇಡಿ. ಕ್ಯಾಮಿಗೆ ತಾಗುವ ಫೆಲ್ಟ್ ತುಂಡಿಗೆ ಮಾತ್ರ ಸ್ವಲ್ಪ ಗ್ರೀಸ್ ಬೇಕು. ಅದು ಒಣಗಿದ್ದರೆ ಫೈಬರ್ ಕಾಲು ಬೇಗ ಸವೆಯುತ್ತದೆ.

ಪಾಯಿಂಟ್ ತೆರೆಯುವ ಕ್ಷಣ ಕಣ್ಣಿಗೆ ಕಾಣುವುದಿಲ್ಲ. ಕರೆಂಟಿನ ದಾರಿ ಮುಚ್ಚಿದೆಯೋ ತೆರೆದಿದೆಯೋ ಎಂದು ಹೇಳುವ ಮೀಟರ್ ಹಿಡಿಯಬೇಕು. ಇಲ್ಲಿ ಒಂದು ಎಚ್ಚರಿಕೆ. ಕಾಯಿಲಿನ ತಂತಿ ಮತ್ತು ಕಂಡೆನ್ಸರನ್ನು ಪಾಯಿಂಟಿನಿಂದ ಬಿಡಿಸಿ, ಆಮೇಲೆ ಅಳೆಯಿರಿ. ಕಾಯಿಲಿನ ದಪ್ಪ ಸುತ್ತು ನೇರವಾಗಿ ಮೋಟಾರಿನ ಬಾಡಿಯ ಲೋಹಕ್ಕೆ ಸೇರಿರುತ್ತದೆ. ತಂತಿ ಬಿಡಿಸದಿದ್ದರೆ ಪಾಯಿಂಟ್ ತೆರೆದಿದ್ದರೂ ಮೀಟರ್ ಮುಚ್ಚಿದೆ ಅನ್ನುತ್ತದೆ. ಹೊಸ ಹುಡುಗರು ಇಲ್ಲೇ ಗಂಟೆಗಟ್ಟಲೆ ಒದ್ದಾಡುತ್ತಾರೆ. ಎರಡು ಸಿಲಿಂಡರಿಗೆ ಎರಡು ಪಾಯಿಂಟ್. ಎರಡೂ ಸರಿಯಾಗಿ 180 ಡಿಗ್ರಿ ದೂರದಲ್ಲಿ ತೆರೆಯಬೇಕು. ಒಂದು ಮುಂದೆ ಒಂದು ಹಿಂದೆ ಇದ್ದರೆ ಮೋಟಾರು ಕುಂಟುತ್ತದೆ.

ಇಷ್ಟೆಲ್ಲ ಆದ ಮೇಲೆ ಟೈಮಿಂಗ್ ಲೈಟ್ ಹಿಡಿಯಿರಿ. ಈಗ ಅದು ನಿಜ ಹೇಳುತ್ತದೆ. ಮೋಟಾರನ್ನು ನೀರಿನ ಡ್ರಮ್ಮಿನಲ್ಲಿ ಇಲ್ಲವೇ ದಡಕ್ಕೆ ಕಟ್ಟಿದ ದೋಣಿಯಲ್ಲಿ ಓಡಿಸಿ. ನೀರಿಲ್ಲದೆ ಓಡಿಸಿದರೆ ಪಂಪಿನ ರಬ್ಬರು ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಫ್ಲೈವೀಲ್ ಬರಿದಾಗಿ ತಿರುಗುತ್ತಿರುತ್ತದೆ. ಲುಂಗಿ, ಕೊರಳಿನ ಟವೆಲ್, ಸಡಿಲ ತೋಳು ಯಾವುದೂ ಹತ್ತಿರ ಬರಬಾರದು. ಮಕ್ಕಳನ್ನು ದೂರ ನಿಲ್ಲಿಸಿ. ಕೊನೆಗೆ ಕಾರ್ಬೊರೇಟರ್ ಜೋಡಣೆ ನೋಡಿ. ತಟ್ಟೆಯ ಅಂಚಿನ ಗುರುತು ಕಾರ್ಬೊರೇಟರಿನ ರೋಲರಿಗೆ ಬಂದಾಗಲೇ ಥ್ರಾಟಲ್ (ಕಾರ್ಬೊರೇಟರಿನ ಒಳಬಾಗಿಲು) ತೆರೆಯಲು ಶುರುವಾಗಬೇಕು. ಕಿಡಿ ಹಿಂದೆ ಉಳಿದು ಪೆಟ್ರೋಲ್ ಮೊದಲೇ ನುಗ್ಗಿದರೆ ಮೋಟಾರು ಗಂಟಲು ಕಟ್ಟಿದ ಹಾಗೆ ಆಡುತ್ತದೆ. ಜನ ಅದನ್ನೂ ಟೈಮಿಂಗ್ ಅನ್ನುತ್ತಾರೆ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು.

ಒಬ್ಬರು ಕೇಳಿದ್ದು ಸೀಮೆಎಣ್ಣೆ ಬಗ್ಗೆ. ಪೆಟ್ರೋಲ್ ತುಟ್ಟಿ, ಸ್ವಲ್ಪ ಬೆರೆಸಿದರೆ ಏನಾಗುತ್ತದೆ ಅಂತ. ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಸೀಮೆಎಣ್ಣೆಯ ಆಕ್ಟೇನ್ ಕಡಿಮೆ. ಒತ್ತಡಕ್ಕೆ ಅದು ಬೇಗ ಸಿಡಿಯುತ್ತದೆ. ಅದಕ್ಕೇ ಸೀಮೆಎಣ್ಣೆ ಮೋಟಾರುಗಳ ಕಂಪ್ರೆಷನ್ (ಒಳಗೆ ಅದುಮುವ ಪ್ರಮಾಣ) ಕಡಿಮೆ ಇಟ್ಟಿರುತ್ತಾರೆ. ಪೆಟ್ರೋಲ್ ಮೋಟಾರಿಗೆ ಅದನ್ನು ಬೆರೆಸಿದರೆ ಟೈಮಿಂಗ್ ಸರಿ ಇದ್ದರೂ ಪಿಸ್ಟನ್ ಹೊಡೆತ ತಿನ್ನುತ್ತದೆ. ದಯವಿಟ್ಟು ಮಾಡಬೇಡಿ.

ಬಾಗಿಲ ಹತ್ತಿರ ನಿಂತಿದ್ದ ಹುಡುಗ ಕೇಳಿದ. "ಅಂಕಲ್, ನಮ್ಮದು ಸಿಡಿಐ ಮೋಟಾರು. ಪಾಯಿಂಟೇ ಇಲ್ಲ. ನಮಗೆ ಈ ತೊಂದರೆ ಇಲ್ಲ ಅಲ್ವಾ?" ಸಿಡಿಐ ಅಂದರೆ ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಪೆಟ್ಟಿಗೆ ಕಿಡಿ ಕೊಡುವ ಬಗೆ. ಪಾಯಿಂಟ್ ಸವೆಯುವ ತೊಂದರೆ ಇಲ್ಲ, ನಿಜ. ಆದರೆ ಸಿಡಿಐಗೆ ಸೂಚನೆ ಕೊಡುವ ಅಯಸ್ಕಾಂತ ಫ್ಲೈವೀಲಿನಲ್ಲೇ ಇರುತ್ತದೆ. ಗೆರೆಯೂ ಅಲ್ಲೇ. ಕೀ ಕತ್ತರಿಸಿದರೆ ಅಲ್ಲೂ ಅದೇ ಸುಳ್ಳು.

ಎದುರಿಗಿದ್ದ ಮೋಟಾರು ಆ ಹುಡುಗನ ಪಕ್ಕದಲ್ಲಿದ್ದವನದು. ಬಿಎಸ್ಸಿ ಓದುತ್ತಾನೆ, ರಜೆಯಲ್ಲಿ ಅಪ್ಪನ ಜೊತೆ ದೋಣಿಗೆ ಹೋಗುತ್ತಾನೆ. ಅವನನ್ನೇ ಕರೆದು ಬೋಲ್ಟ್ ಕೈಗೆ ಕೊಟ್ಟೆ. ಅವನೇ ತಿರುಗಿಸಿದ, ಅವನೇ ಎರಡು ಗೆರೆ ಎಳೆದ, ದರ್ಜಿಯ ಟೇಪು ಸುತ್ತಿ ನಡುಗೆರೆ ಹುಡುಕಿದ. ಕಂಪನಿಯ ಗುರುತಿಗೂ ಅದಕ್ಕೂ 5 ಮಿಲಿಮೀಟರ್ ದೂರ ಇತ್ತು. ಫ್ಲೈವೀಲಿನ ಅಡ್ಡಳತೆ 200 ಮಿಲಿಮೀಟರ್. ಅವನೇ ಲೆಕ್ಕ ಹಾಕಿ, "ಹತ್ತಿರ ಹತ್ತಿರ 3 ಡಿಗ್ರಿ" ಅಂದ. ಪುಲ್ಲರ್ ಹಾಕಿ ಫ್ಲೈವೀಲ್ ಎತ್ತಿದೆವು. ಕೀಯ ಪಕ್ಕದಲ್ಲಿ ಅರ್ಧ ಮಿಲಿಮೀಟರಿನ ಮೆಟ್ಟಿಲು. ಕಣ್ಣಿಗೆ ಸರಿಯಾಗಿ ಕಾಣದು, ಉಗುರಿಗೆ ಸಿಗುತ್ತದೆ. ಎಲ್ಲರ ಕೈಗೂ ಕೊಟ್ಟೆ. ಒಬ್ಬರಾದ ಮೇಲೆ ಒಬ್ಬರು ಉಗುರು ಆಡಿಸಿ ನೋಡಿದರು.

ಹೊಸ ಕೀ ಮಡಗಾಂವಿನಿಂದ ತರಿಸಿ ಕೊಡುತ್ತೇನೆ, ಅಲ್ಲಿಯವರೆಗೆ ಮೋಟಾರು ಇಲ್ಲೇ ಇರಲಿ, ಕೆಳಗಿನ ಪಿನ್ನನ್ನೂ ಬಿಚ್ಚಿ ನೋಡೋಣ ಅಂದೆ. ಅವನು ಹಳೆಯ ಕೀಯನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡ. "ಅಪ್ಪನಿಗೆ ತೋರಿಸಬೇಕು" ಅಂದ.